ರವಿವಾರದ ಚಾದಂಗಡಿ

ರವಿವಾರ ಕಾರವಾರದಲ್ಲಿ ಸಂತೆ. ಕಿನ್ನರ, ಕದ್ರಾ ಕಡೆಯಿಂದ ಬಂದು ಬಸ್ಸಿಳಿದವರಿಗೆಲ್ಲ ಒಂದೇ ಹೊತ್ತಿಗೆ ಹಸಿವು. ಹಾಗಾಗಿ ಬನ್ಸ್-ಭಾಜಿ ತಿನ್ನುವ ಆಸೆಯಿದ್ದರೆ ಬೆಳಿಗ್ಗೆ ಬೇಗ ಹೋಗಿ. ಕಳಿತ ಬಾಳೆಹಣ್ಣು, ಮೊಸರು, ಮೈದಾ ಸೇರಿಸಿ ರಾತ್ರಿಯೇ ಕಲಸಿಟ್ಟ ಹಿಟ್ಟು ಅದು, ತೀರಿದರೆ ತೀರಿತು.

ತಿಂಡಿಪಟ್ಟಿ ಹುಡುಕಬೇಡಿ, ‘ಬಿಸಿ ಏನಿದೆ?’ ಎಂದು ಕೇಳಿ. ಭಾಜಿ ತೆಳ್ಳಗಿದೆಯೆಂದು ಗೊಣಗಬೇಡಿ, ಅದ್ದಿ ತಿನ್ನಲಿಕ್ಕೇ ಹಾಗೆ ಮಾಡುವುದು. ಎದುರಿನ ಜಾಗ ಖಾಲಿಯಿದ್ದರೆ ಗುರುತಿಲ್ಲದವರನ್ನೂ ಕೂರಿಸಿಕೊಳ್ಳಿ. ಚಿಲ್ಲರೆ ಜೊತೆಗಿರಲಿ.

ಚಾ ಮುಗಿದ ಮೇಲೂ ಮೊಬೈಲು ನೋಡುತ್ತ ಕೂರಬೇಡಿ. ನಾಲ್ಕು ಬೆಂಚಿನ ಅಂಗಡಿಗೆ ಬೆಳಗಿನ ಎರಡು ತಾಸೇ ಮುಖ್ಯ ದುಡಿಮೆ. ಹರಟೆ ಹೊಡೆಯಬೇಕೆಂದರೆ ಸಂಜೆ ಹೋಗಿ. ಆಗ ಮಾಲೀಕರಿಗೂ ಮಾತಿಗೆ ಪುರುಸೊತ್ತಿರುತ್ತದೆ.