ಬಾಡಿಗೆ ಕಾರಿನಲ್ಲಿ ಗೋಕರ್ಣ: ಜಗಳವಿಲ್ಲದೆ ಕಡಲು ಮುಟ್ಟುವ ಸೂತ್ರಗಳು

ಬೆಂಗಳೂರಿನಿಂದ ಗೋಕರ್ಣಕ್ಕೆ ಸುಮಾರು 480 ಕಿ.ಮೀ. ಬಾಡಿಗೆ ಕಾರು ಮಾಡಿಕೊಂಡು ಹೋಗುವವರಲ್ಲಿ ಎರಡು ಬಗೆ. ಸಮುದ್ರ ಕಂಡ ಕೂಡಲೇ ಚಪ್ಪಲಿ ಬಿಟ್ಟು ನೀರಿಗೆ ಓಡುವವರು ಒಂದು ಬಗೆ. ರೆಸಾರ್ಟಿನ ಗೇಟಿನಲ್ಲೇ ನಿಂತು ಡ್ರೈವರ್ ಜೊತೆ ಬಿಲ್ಲಿನ ಜಗಳ ತೆಗೆಯುವವರು ಇನ್ನೊಂದು ಬಗೆ. ನೀವು ಯಾವ ಗುಂಪು ಎಂಬುದು ಹಿಂದಿನ ದಿನ ಟ್ರಾವೆಲ್ಸ್‌ನವರ ಜೊತೆ ಫೋನಿನಲ್ಲಿ ಆಡುವ ಹತ್ತು ನಿಮಿಷದ ಮಾತಿನಲ್ಲೇ ತೀರ್ಮಾನವಾಗಿರುತ್ತದೆ.

1. ರೇಟು ಕೇಳುವ ಮುಂಚೆ ಮಿನಿಮಮ್ ಕೇಳಿ

"ಕಿಲೋಮೀಟರಿಗೆ ಎಷ್ಟು?" ಎಂದು ಎಲ್ಲರೂ ಕೇಳುತ್ತಾರೆ. "ದಿನಕ್ಕೆ ಮಿನಿಮಮ್ ಎಷ್ಟು ಕಿಲೋಮೀಟರ್?" ಎಂದು ಕೇಳುವವರು ಕಡಿಮೆ. ದುಡ್ಡು ಸೋರುವುದು ಅಲ್ಲೇ. ಔಟ್‌ಸ್ಟೇಷನ್ ಬಾಡಿಗೆಯಲ್ಲಿ ಸಾಮಾನ್ಯವಾಗಿ ದಿನಕ್ಕೆ 250 ಅಥವಾ 300 ಕಿ.ಮೀ. ಮಿನಿಮಮ್ ಇರುತ್ತದೆ. ಕಾರು ಅಷ್ಟು ಓಡಲಿ ಬಿಡಲಿ, ಅಷ್ಟಕ್ಕೆ ಕೊಡಬೇಕು.

ಲೆಕ್ಕ ಹಾಕಿ ನೋಡಿ. ಹೋಗಿ ಬರುವುದು, ಅಲ್ಲಿನ ಓಡಾಟ ಸೇರಿ 1,000 ಕಿ.ಮೀ. ಎಂದಿಟ್ಟುಕೊಳ್ಳಿ. ದಿನಕ್ಕೆ 300ರಂತೆ ಮೂರು ದಿನಕ್ಕೆ ಮಿನಿಮಮ್ 900. ನೀವು ಓಡಿದ್ದೇ ಅದಕ್ಕಿಂತ ಹೆಚ್ಚು, ನಷ್ಟವಿಲ್ಲ. ಅದೇ ಐದು ದಿನ ಕಾರನ್ನು ಇಟ್ಟುಕೊಂಡರೆ ಮಿನಿಮಮ್ 1,500. ಓಡದ 500 ಕಿ.ಮೀ.ಗೂ ದುಡ್ಡು ಕಟ್ಟಬೇಕು. ಕಿ.ಮೀ.ಗೆ 15 ರೂಪಾಯಿ ಎಂದು ಹಿಡಿದರೂ 7,500 ರೂಪಾಯಿ ಮರದ ನೆರಳಲ್ಲಿ ನಿಂತ ಕಾರಿಗೆ ಹೋಯಿತು! ಮೂರು ದಿನದವರೆಗೆ ಕಾರು ಇಟ್ಟುಕೊಳ್ಳಿ, ಅದಕ್ಕಿಂತ ಹೆಚ್ಚಾದರೆ ಎರಡು ಡ್ರಾಪ್ ಮಾಡಿಸಿ ಎಂಬುದು ನನ್ನ ಸಲಹೆ. ಡ್ರಾಪ್‌ನಲ್ಲಿ "ಎಂಟಿ ಬರಬೇಕು ಸಾರ್" ಎಂದು ವಾಪಸ್ ಬಾಡಿಗೆಯನ್ನೂ ಕೇಳುವವರಿದ್ದಾರೆ. ಒನ್ ವೇ ರೇಟು ಕೊಡುವವರೂ ಇದ್ದಾರೆ. ಹುಡುಕಿ.

2. ದಿನ ಎಂದರೆ ತಾರೀಖು

ರಾತ್ರಿ ಹತ್ತಕ್ಕೆ ಹೊರಟರೆ ಹನ್ನೆರಡಕ್ಕೆ ಒಂದು ದಿನ ಮುಗಿಯಿತು ಎಂದು ಲೆಕ್ಕ ಹಾಕುವವರೇ ಹೆಚ್ಚು. ಎರಡು ಗಂಟೆಗೆ ಒಂದು ದಿನದ ಬಾಡಿಗೆ, ಒಂದು ದಿನದ ಬಾಟಾ. 24 ಗಂಟೆಯ ಲೆಕ್ಕವೋ ತಾರೀಖಿನ ಲೆಕ್ಕವೋ, ಮೊದಲೇ ಕೇಳಿ.

3. ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ

ಟೋಲ್, ಪಾರ್ಕಿಂಗ್, ಡ್ರೈವರ್ ಬಾಟಾ, ರಾತ್ರಿ ಬಾಟಾ, ಎಸಿ, ಕಿಲೋಮೀಟರ್ ಎಣಿಕೆ ಶೆಡ್‌ನಿಂದಲೋ ಮನೆಯಿಂದಲೋ: ಇಷ್ಟೂ ಒಂದೇ ಮೆಸೇಜಿನಲ್ಲಿ ಬರಲಿ. ಹತ್ತುವಾಗ ಮೀಟರಿನ ಫೋಟೋ, ಇಳಿಯುವಾಗ ಇನ್ನೊಂದು. ಸ್ವಂತ ಕಾರಿಗೆ ವಾರ್ಷಿಕ ಫಾಸ್ಟ್ಯಾಗ್ ಪಾಸ್ ಮಾಡಿಸಿಕೊಂಡವರಿಗೆ ಟೋಲ್ ಇದೆ ಎಂಬುದೇ ಮರೆತುಹೋಗಿರುತ್ತದೆ. ಆ ಪಾಸು ಟ್ಯಾಕ್ಸಿಗೆ ಇಲ್ಲ. ತುಮಕೂರು ರಸ್ತೆಯುದ್ದಕ್ಕೂ ಟೋಲ್ ಬೀಳುತ್ತಲೇ ಇರುತ್ತದೆ.

4. ಹಳದಿ ಬೋರ್ಡ್ ಬಿಟ್ಟು ಬೇರೆ ಬೇಡ

"ನಮ್ಮ ಕಡೆಯವರದೇ ಗಾಡಿ, ವೈಟ್ ಬೋರ್ಡ್, ಕಡಿಮೆಗೆ ಬರ್ತಾರೆ" ಎಂಬ ಮಾತಿಗೆ ಮರುಳಾಗಬೇಡಿ. ಸ್ವಂತ ಬಳಕೆಯ ಕಾರಿನ ವಿಮೆ ಬಾಡಿಗೆ ಓಡಾಟಕ್ಕೆ ಅನ್ವಯಿಸುವುದಿಲ್ಲ. ಘಾಟಿಯಲ್ಲಿ ಏನಾದರೂ ಆದರೆ ಉಳಿಸಿದ ಎರಡು ಸಾವಿರ ಯಾವ ಲೆಕ್ಕಕ್ಕೂ ಬರುವುದಿಲ್ಲ.

5. ಡಿಕ್ಕಿಯ ಫೋಟೋ ಕೇಳಿ

ಇಂದು ಬಾಡಿಗೆಗೆ ಓಡುವ ಕಾರುಗಳಲ್ಲಿ ಬಹಳಷ್ಟು ಸಿಎನ್‌ಜಿ. ಡಿಕ್ಕಿಯಲ್ಲಿ ಸಿಲಿಂಡರ್ ಮಲಗಿರುತ್ತದೆ, ನಿಮ್ಮ ಸೂಟ್‌ಕೇಸಿಗೆ ಜಾಗವಿಲ್ಲ. ಏಳು ಸೀಟಿನ ಕಾರಿನಲ್ಲೂ ಅಷ್ಟೇ: ಏಳು ಜನ ಕೂತರೆ ಹಿಂದೆ ಉಳಿಯುವುದು ನಾಲ್ಕು ಕೈಚೀಲದ ಜಾಗ. ಆರು ಜನ, ಆರು ಬ್ಯಾಗ್ ಇದ್ದರೆ ಮೇಲೆ ಕ್ಯಾರಿಯರ್ ಇರುವ ಗಾಡಿಯನ್ನೇ ಕೇಳಿ.

6. ನಸುಕಿನ ನಾಲ್ಕೂವರೆಗೆ ಗೇಟು ದಾಟಿ

ಲಾಂಗ್ ವೀಕೆಂಡಿನ ಶುಕ್ರವಾರ ಸಂಜೆ ಹೊರಟವರು ಪೀಣ್ಯ, ನೆಲಮಂಗಲದ ನಡುವೆಯೇ ಅರ್ಧ ರಜೆ ಕಳೆಯುತ್ತಾರೆ. ನಾಲ್ಕೂವರೆಗೆ ಹೊರಟರೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಸ್ವಲ್ಪ ಬೇಗವೇ ಆಯಿತು ಅನ್ನಿಸಬಹುದು. ಪರವಾಗಿಲ್ಲ, ಕಾಫಿ ಕುಡಿದು ಮುಂದೆ ಹೋಗಿ. ಒಂಬತ್ತರ ಹೊತ್ತಿಗೆ ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಕಾದಿರುತ್ತದೆ. ಮಕ್ಕಳಿಗೆ ಮಾತ್ರ ಬೆಣ್ಣೆ ಕಡಿಮೆ ಹಾಕಿಸಿ, ಮುಂದೆ ತಿರುವುಗಳಿವೆ.

7. ಘಾಟಿಯನ್ನು ನೀವೇ ಆರಿಸಿ, ಹಗಲಲ್ಲೇ ಇಳಿಯಿರಿ

ಮ್ಯಾಪ್ ಹೇಳಿದ್ದೇ ದಾರಿ ಎಂದು ಕೂರಬೇಡಿ. ಮ್ಯಾಪಿಗೆ ನಿಮಿಷ ಗೊತ್ತು, ಮಂಜು ಗೊತ್ತಿಲ್ಲ. ಗೋಕರ್ಣಕ್ಕೆ ಇಳಿಯಲು ಮುಖ್ಯವಾಗಿ ಮೂರು ದಾರಿ. ಹಾವೇರಿ ಮೇಲೆ ಶಿರಸಿಗೆ ಹೋಗಿ ದೇವಿಮನೆ ಘಾಟಿಯಲ್ಲಿ ಕುಮಟಾಕ್ಕೆ ಇಳಿಯುವುದು ಒಂದು. ರಸ್ತೆ ಕಾಮಗಾರಿಗೆಂದು ಈ ಘಾಟಿಯನ್ನು ಆಗಾಗ ಮುಚ್ಚಿದ್ದಾರೆ, ಆದ್ದರಿಂದ ಹಿಂದಿನ ದಿನ ಶಿರಸಿಯ ಯಾರನ್ನಾದರೂ ವಿಚಾರಿಸಿ. ರೆಸಾರ್ಟಿನವರಿಗೇ ಫೋನ್ ಮಾಡಿದರೂ ಸಾಕು, ದಾರಿ ತೆರೆದಿದೆಯೋ ಇಲ್ಲವೋ ಅವರಿಗೆ ಗೊತ್ತಿರುತ್ತದೆ.

ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಾಟಿಯಲ್ಲಿ ಅಂಕೋಲಾಕ್ಕೆ ಇಳಿಯುವುದು ಎರಡನೆಯದು. ಸುತ್ತು ಹೆಚ್ಚು, ಲಾರಿಗಳ ಸಾಲೂ ಹೆಚ್ಚು. ಮೂರನೆಯದು ಶಿವಮೊಗ್ಗ, ಸಾಗರ, ಜೋಗದ ಮೇಲೆ ಗೇರುಸೊಪ್ಪೆ ಇಳಿದು ಹೊನ್ನಾವರ. ನೋಟಕ್ಕೆ ಇದನ್ನು ಮೀರಿಸುವ ದಾರಿಯಿಲ್ಲ: ಶರಾವತಿ ಕಣಿವೆ, ದಟ್ಟ ಕಾಡು. ಮಳೆ ಇಳಿಮುಖವಾದ ಸೆಪ್ಟೆಂಬರಿನಲ್ಲಿ ಜೋಗದಲ್ಲಿ ಒಂದು ಗಂಟೆ ನಿಲ್ಲದೆ ಹೋಗುವುದು ಅನ್ಯಾಯ. ಏಪ್ರಿಲ್‌ನಲ್ಲಿ ಹೋದರೆ ಕಾಣುವುದು ಬಂಡೆ. ಆದರೆ ಈ ಕಾಡಿನಲ್ಲಿ ಮೊಬೈಲ್ ಸಿಗ್ನಲ್ ನಂಬಬೇಡಿ. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ನಿಮ್ಮ ರೆಸಾರ್ಟ್ ಮಲ್ಪೆ ಅಥವಾ ಉಡುಪಿ ಕಡೆಯದಾದರೆ ಈ ಮೂರೂ ಬೇಡ. ಹಾಸನ, ಸಕಲೇಶಪುರ, ಶಿರಾಡಿ ಘಾಟಿಯೇ ನೇರ.

8. ಜೂನ್, ಜುಲೈನಲ್ಲಿ ಹಠ ಬೇಡ

2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆಯೇ ಕುಸಿಯಿತು. ಜನ ಸತ್ತರು, ಲಾರಿ ಗಂಗಾವಳಿ ನದಿ ಸೇರಿತು. ಅದೇ ಜುಲೈನಲ್ಲಿ ಶಿರಾಡಿಯಲ್ಲೂ ಮಣ್ಣು ಕುಸಿದು ಸಂಚಾರ ನಿಂತಿತ್ತು. ಮಳೆಗಾಲದಲ್ಲಿ ಕಡಲಿಗೆ ಇಳಿಯುವಂತಿರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ತಾಜಾ ಮೀನಿನೂಟವೂ ಅಷ್ಟಕ್ಕಷ್ಟೆ. ನವೆಂಬರ್‌ನಿಂದ ಫೆಬ್ರವರಿ ಇದ್ದೇ ಇದೆಯಲ್ಲ. ಹೋಗಲೇಬೇಕಾದರೆ ರೈಲು ಹಿಡಿಯಿರಿ: ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಬೆಂಗಳೂರು ಬಿಟ್ಟರೆ ಬೆಳಿಗ್ಗೆ ಗೋಕರ್ಣ ರೋಡ್ ನಿಲ್ದಾಣ.

9. ಡ್ರೈವರ್ ನಿದ್ದೆ ಮಾಡಿದ್ದಾರಾ?

ಈ ಪಟ್ಟಿಯಲ್ಲಿ ಒಂದೇ ಸೂತ್ರ ಪಾಲಿಸುವುದಾದರೆ ಇದನ್ನು ಪಾಲಿಸಿ. ಕಾರು ಬಂದಾಗ ಮೊದಲ ಮಾತು "ಅಣ್ಣಾ, ನಿನ್ನೆ ಎಲ್ಲಿ ಟ್ರಿಪ್ ಇತ್ತು?" ಎಂದಿರಲಿ. "ತಿರುಪತಿ ಹೋಗಿ ರಾತ್ರಿ ಒಂದಕ್ಕೆ ಬಂದೆ ಸಾರ್" ಎಂಬ ಉತ್ತರ ಬಂದರೆ ಸಂಕೋಚ ಬಿಟ್ಟು ಬೇರೆ ಡ್ರೈವರ್ ಕೇಳಿ. ಹೀಗೆ ಕೇಳುವುದು ಒರಟುತನವಲ್ಲ. ಸಾಲದ ಕಂತಿಗೆ ಓಡುವ ಡ್ರೈವರ್ ತಾನಾಗಿ "ಸುಸ್ತಾಗಿದೆ" ಎಂದು ಹೇಳುವುದಿಲ್ಲ.

2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ ಕೆಲಸ ಎನ್ನುತ್ತಿತ್ತು, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಎನ್ನುತ್ತಿತ್ತು. ಒಬ್ಬಂಟಿ ಟ್ಯಾಕ್ಸಿಯವರನ್ನು ಯಾವ ಕಾನೂನು ಕಾಯುತ್ತದೋ ಬೇರೆ ಮಾತು, ಅಳತೆ ಮಾತ್ರ ಸರಿಯಾದದ್ದು. ಗೋಕರ್ಣದ ದಾರಿ ಎಂಟು ಗಂಟೆ ಮೀರುತ್ತದೆ, ಆದ್ದರಿಂದ ಎರಡು ಕಡೆ ನಿಲ್ಲಿಸಿ, ಊಟಕ್ಕೆ ಡ್ರೈವರನ್ನೂ ಕೂರಿಸಿಕೊಳ್ಳಿ.

ರೂಮ್ ಬುಕ್ ಮಾಡುವಾಗಲೇ ಡ್ರೈವರಿಗೆ ಮಲಗಲು ಜಾಗ ಇದೆಯೇ ಕೇಳಿ. ಇಲ್ಲದಿದ್ದರೆ ಊರಲ್ಲಿ ಒಂದು ಸಣ್ಣ ರೂಮ್ ಮಾಡಿಕೊಡಿ. ಕರಾವಳಿಯ ಸೆಕೆಯಲ್ಲಿ, ಸೊಳ್ಳೆಯಲ್ಲಿ, ಕಾರಿನ ಸೀಟಿನ ಮೇಲೆ ರಾತ್ರಿ ಕಳೆದವರು ಮರುದಿನ ನಿಮ್ಮನ್ನು ಘಾಟಿ ಹತ್ತಿಸಬೇಕು ಎಂಬುದು ನೆನಪಿರಲಿ.

10. ಕಾರು ಎಲ್ಲಿವರೆಗೆ ಹೋಗುತ್ತದೆ?

"ಬೀಚ್ ರೆಸಾರ್ಟ್" ಎಂದ ಮಾತ್ರಕ್ಕೆ ಬಾಗಿಲಿಗೆ ಕಾರು ಬರುವುದಿಲ್ಲ. ಓಂ ಬೀಚಿನ ಹತ್ತಿರದವರೆಗೆ ರಸ್ತೆ ಇದೆ. ಕುಡ್ಲೆಯಲ್ಲಿ ಗುಡ್ಡದ ಮೇಲೆ ಕಾರು ನಿಲ್ಲಿಸಿ ನಡೆದು ಇಳಿಯಬೇಕು. ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಿಗೆ ಕಾಲ್ನಡಿಗೆ ಅಥವಾ ದೋಣಿಯೇ ಗತಿ. ಅಜ್ಜಿಯನ್ನು ಕರೆದೊಯ್ಯುವವರು ಇದನ್ನು ಕೇಳಿಯೇ ಮುಂಗಡ ಕೊಡಿ. ಚಕ್ರದ ಸೂಟ್‌ಕೇಸ್ ಮನೆಯಲ್ಲಿರಲಿ.

11. ಗೋವಾ ಆಸೆ ಇದ್ದರೆ ಮೊದಲೇ ಹೇಳಿ

ಕಾರವಾರದವರೆಗೆ ಬಂದಮೇಲೆ "ಹಾಗೇ ಗೋವಾ ನೋಡ್ಕೊಂಡ್ ಬರೋಣ" ಎನ್ನುವವರು ಇದ್ದೇ ಇರುತ್ತಾರೆ. ಕರ್ನಾಟಕದ ಪರ್ಮಿಟ್ ಮಾತ್ರ ಇರುವ ಕಾರು ಗಡಿ ದಾಟುವಂತಿಲ್ಲ. ವಾಪಸ್ ಬರುವಾಗ ಡಿಕ್ಕಿಯಲ್ಲಿ ಬಾಟಲಿ ತುಂಬಿದರೆ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬೀಳುವುದು ನಿಮ್ಮ ಜೊತೆ ಡ್ರೈವರ್ ಮತ್ತು ಅವರ ಗಾಡಿ ಕೂಡ.

12. ವಾಪಸ್ ಬರುವ ದಿನ

ತುರ್ತಿಗೆ 112, ಹೆದ್ದಾರಿ ಸಹಾಯಕ್ಕೆ 1033 ಫೋನಿನಲ್ಲಿ ಉಳಿಸಿಕೊಳ್ಳಿ. ಟ್ರಾವೆಲ್ಸ್‌ನವರಿಗೆ ಹಣ ಕಳಿಸಿದರೂ ಬಾಟಾ ಡ್ರೈವರ್ ಕೈಗೆ ಸೇರಿತೇ ಎಂದು ಕೇಳಿ. ಇನ್ನು ಭಾನುವಾರ ಸಂಜೆಯ ಸೂರ್ಯಾಸ್ತ ನೋಡಿ ರಾತ್ರಿಯಿಡೀ ಓಡಿಸಿ ಸೋಮವಾರ ಒಂಬತ್ತಕ್ಕೆ ಆಫೀಸು ಸೇರುವ ಯೋಜನೆ ಇದೆಯೇ? ಕೈಬಿಡಿ. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಹೊರಡಿ, ಇಲ್ಲವೇ ಸೋಮವಾರಕ್ಕೆ ಒಂದು ರಜೆ ಬರೆದುಕೊಡಿ.