ಆಟದ ಬಯಲು ಮತ್ತು ನಾಡಿನ ಇತಿಹಾಸ

ಇತಿಹಾಸವೆಂದರೆ ಅರಸರ ವಂಶಾವಳಿ, ಕಾಳಗಗಳ ಇಸವಿ, ಒಪ್ಪಂದಗಳ ಕಲಮುಗಳು ಎಂದು ಬಾಯಿಪಾಠ ಮಾಡಿಕೊಂಡು ಬಂದವರು ನಾವು. ದುಡಿದು ದಣಿದ ಜನ ಸಂಜೆಯ ಹೊತ್ತು ಏನು ಮಾಡುತ್ತಿದ್ದರು, ಹಬ್ಬದ ದಿನ ಎಲ್ಲಿ ನೆರೆಯುತ್ತಿದ್ದರು, ಯಾರು ಆಡುತ್ತಿದ್ದರು, ಯಾರು ದೂರ ನಿಂತು ನೋಡುತ್ತಿದ್ದರು ಎಂಬ ಪ್ರಶ್ನೆಗಳನ್ನು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ಆದರೆ ಒಂದು ಸಮಾಜದಲ್ಲಿ ಬಿಡುವು ಯಾರಿಗಿತ್ತು, ಹಣ ಯಾರ ಕೈಯಲ್ಲಿತ್ತು, ಮರ್ಯಾದೆ ಯಾರಿಗೆ ಸಲ್ಲುತ್ತಿತ್ತು ಎಂಬುದನ್ನು ಅದರ ಆಟಪಾಟಗಳು ನಿಚ್ಚಳವಾಗಿ ತೋರಿಸುತ್ತವೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ನಮ್ಮ ಸೀಮೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ಮಾತನ್ನು ಪರಿಶೀಲಿಸೋಣ.

ಅರಮನೆಯ ಆಶ್ರಯ

ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದ ಕಾಲಕ್ಕೆ ಈ ಭಾಗದ ಕುಸ್ತಿಯ ಕಣ್ಣೆಲ್ಲ ಕೊಲ್ಲಾಪುರದ ಕಡೆಗಿತ್ತು. ಅಲ್ಲಿ 1894ರಿಂದ 1922ರವರೆಗೆ ಆಳಿದ ಶಾಹೂ ಮಹಾರಾಜರು ಪೈಲ್ವಾನರನ್ನು ಸಾಕಿ ಸಲಹಿದರು. 1912ರಲ್ಲಿ ಖಾಸಬಾಗ ಮೈದಾನವನ್ನು ಕಟ್ಟಿಸಿದರು. ಹಿಂದುಳಿದ ವರ್ಗಗಳಿಗೆ ಸರ್ಕಾರಿ ನೌಕರಿಗಳಲ್ಲಿ ಶೇಕಡ 50ರಷ್ಟು ಸ್ಥಾನಗಳನ್ನು 1902ರಲ್ಲಿ ಕಾಯ್ದಿರಿಸಿದವರೂ ಇವರೇ ಎಂಬುದನ್ನು ನಾವು ಮರೆಯಬಾರದು. ಕೆಮ್ಮಣ್ಣಿನ ಅಖಾಡದಲ್ಲಿ ಲಂಗೋಟಿ ಕಟ್ಟಿ ನಿಂತವನ ತೋಳು ಮಾತನಾಡುತ್ತದೆಯೇ ಹೊರತು ಕುಲವಲ್ಲ. ಹಾಗೆಂದು ಗರಡಿಮನೆಯ ಬಾಗಿಲು ಎಲ್ಲ ಊರುಗಳಲ್ಲಿಯೂ ಎಲ್ಲರಿಗೂ ತೆರೆದಿತ್ತೆಂದು ಹೇಳಲಾಗದು. ಅಖಾಡದ ಒಳಗಿನ ಸಮಾನತೆ ಬೇರೆ, ಅದರ ಹೊಸ್ತಿಲು ದಾಟುವ ಹಕ್ಕು ಬೇರೆ.

ಮುಧೋಳದ ನಾಯಿಯ ಕಥೆಯೂ ಹೀಗೆಯೇ. ಸಣ್ಣ ನಡು, ಉದ್ದ ಕಾಲು, ಚೂಪು ಮೋರೆಯ ಈ ಬೇಟೆನಾಯಿಯ ತಳಿಯನ್ನು ಕಾಪಾಡಿ ಬೆಳೆಸಿದ ಕೀರ್ತಿ ಮಾಲೋಜಿರಾವ್ ಘೋರ್ಪಡೆಯವರಿಗೆ ಸಲ್ಲುತ್ತದೆ. ಅರಸರಿಗೆ ಬೇಟೆ ವಿನೋದವಾಗಿತ್ತು. ಕುರುಬನಿಗೂ ರೈತನಿಗೂ ಅದೇ ನಾಯಿ ಹಟ್ಟಿಯ ಕಾವಲಾಗಿತ್ತು. ಬೇಟೆಯ ಕಾಲ ಮುಗಿದ ಮೇಲೂ ತಳಿ ಉಳಿದದ್ದಕ್ಕೆ ಈ ಎರಡನೆಯ ಬಾಳು ಮುಖ್ಯ ಕಾರಣವೆಂದು ನನಗೆ ತೋರುತ್ತದೆ. 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಹೊರಟಿತು. 2016ರಲ್ಲಿ ಭಾರತೀಯ ಸೇನೆ ಈ ನಾಯಿಗಳನ್ನು ತರಬೇತಿಗೆ ತೆಗೆದುಕೊಂಡಿತು.

ಬೇಡರ ಕೈಯ ಆಯುಧ

ಮುಧೋಳದ ಹತ್ತಿರದ ಹಲಗಲಿಯನ್ನು ನೋಡಿದರೆ ಇದೇ ಬೇಟೆಗೆ ಇನ್ನೊಂದು ಮುಖ ಕಾಣುತ್ತದೆ. 1857ರಲ್ಲಿ ಬ್ರಿಟಿಷ್ ಸರ್ಕಾರ ಜನರ ಆಯುಧಗಳನ್ನು ಕಸಿಯುವ ಕಾನೂನು ತಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಅವರಿಗೆ ಆಯುಧವೆಂದರೆ ಅನ್ನ, ಆಟ, ಮಾನ ಮೂರೂ ಆಗಿತ್ತು. ದಂಡು ಬಂದು ಊರಿಗೆ ಬೆಂಕಿ ಹಚ್ಚಿತು. ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಈ ಸಂಗತಿಯನ್ನು ಸರ್ಕಾರಿ ಕಾಗದಗಳು ದಂಗೆಯೆಂದು ಬರೆದಿಟ್ಟವು. ಜನ ಅದನ್ನು ಲಾವಣಿ ಕಟ್ಟಿ ಹಾಡಿದರು. ಫ್ಲೀಟ್ ಸಾಹೇಬರು ಸಂಗ್ರಹಿಸಿದ ಲಾವಣಿಗಳಲ್ಲಿ ಅದೂ ಒಂದು. ಜಾತ್ರೆಯಲ್ಲಿ ಮನಸ್ಸಿನ ಸಂತೋಷಕ್ಕೆಂದು ಕೇಳುತ್ತಿದ್ದ ಡಪ್ಪಿನ ಹಾಡು, ಬರಹ ಬಾರದವರ ದಫ್ತರವಾಯಿತು. ಮನರಂಜನೆಯು ಇತಿಹಾಸವನ್ನು ಕಾಯ್ದಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹೆಣ್ಣುಮಕ್ಕಳ ಪಾಲು

ಇಷ್ಟು ಹೇಳಿದ ಮೇಲೆ ಒಂದು ಕೊರತೆಯನ್ನು ಒಪ್ಪಿಕೊಳ್ಳಬೇಕು. ಇದುವರೆಗಿನ ಮಾತೆಲ್ಲ ಗಂಡಸರದೇ ಆಯಿತು. ಹೆಣ್ಣುಮಕ್ಕಳಿಗೆ ಆಟದ ದಿನವೆಂದರೆ ನಾಗರಪಂಚಮಿ. ಗಂಡನ ಮನೆಯಿಂದ ತವರಿಗೆ ಬಂದವರು ಮರಕ್ಕೆ ಜೋಕಾಲಿ ಕಟ್ಟಿ ಜೀಕುವರು. ಉಂಡಿ, ಅರಳು, ಅಳ್ಳಿಟ್ಟುಗಳ ಸಂಭ್ರಮ. ಅತ್ತ ಗಂಡುಹುಡುಗರು ಲಿಂಬೆಹಣ್ಣು ಎಸೆಯುವ ಪಂಥ ಕಟ್ಟುವರು. ಹಬ್ಬ ಮುಗಿದರೆ ಜೋಕಾಲಿಯ ಹಗ್ಗ ಅಟ್ಟ ಸೇರುತ್ತಿತ್ತು. ಗಂಡಿಗೆ ಗರಡಿ ದಿನನಿತ್ಯ, ಹೆಣ್ಣಿಗೆ ಜೋಕಾಲಿ ವರ್ಷಕ್ಕೊಮ್ಮೆ: ಬಿಡುವಿನ ಹಂಚಿಕೆ ಹೀಗಿತ್ತು.

ಆ ಗೆರೆಯನ್ನು ದಾಟಿದವರೂ ಇದ್ದರು. ಶ್ರೀಕೃಷ್ಣ ಪಾರಿಜಾತದ ಬಯಲಾಟದಲ್ಲಿ ಕೌಜಲಗಿ ನಿಂಗಮ್ಮ ಹೆಸರಾದರು. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ ರಂಗಭೂಮಿಯಿಂದ ಮುಂಬಯಿಯ ಚಿತ್ರರಂಗಕ್ಕೆ ಹೋಗಿ, 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ಆ ಕಾಲದಲ್ಲಿ ಹಾಡಿ ಆಡುವ ಹೆಣ್ಣನ್ನು ಜನ ಕೇಳಿ ಮೆಚ್ಚಿದರು. ಮೆಚ್ಚಿದಷ್ಟು ಗೌರವಿಸಿದರೆಂದು ಹೇಳುವ ಧೈರ್ಯ ನನಗಿಲ್ಲ.

ಮಗ್ಗ ಮತ್ತು ಬಿಡುವು

ರಬಕವಿ-ಬನಹಟ್ಟಿಗಳು ನೇಕಾರರ ಊರುಗಳು. ನೆಯ್ದ ಸೀರೆಯ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಮಗ್ಗ ನಿಂತ ದಿನ ಒಲೆಯೂ ತಣ್ಣಗಾಗುತ್ತದೆ. ಹಗಲೆಲ್ಲ ಕುಣಿಮಗ್ಗದಲ್ಲಿ ಕುಳಿತ ಮೈಗೆ ಸಾಮು ಬೇಕು, ಮನಸ್ಸಿಗೆ ಭಜನೆ ಬೇಕು. ಇವು ಹಣವಂತರ ಸೊಗಸುಗಳಲ್ಲ. ಒಕ್ಕಲಿಗನಿಗೆ ಈ ಬಿಡುವನ್ನು ಮಳೆ-ಬೆಳೆಯೇ ಕೊಡುತ್ತದೆ. ಕಾರಹುಣ್ಣಿಮೆಯ ದಿನ ಎತ್ತುಗಳನ್ನು ಸಿಂಗರಿಸಿ ಕರಿ ಹರಿಯುವರು. ಬಿಳಿ ಎತ್ತು ಮುಂದಾದರೆ ಹಿಂಗಾರಿ, ಕೆಂದೆತ್ತು ಮುಂದಾದರೆ ಮುಂಗಾರಿ ಚೆನ್ನಾಗಿ ಬರುವುದೆಂದು ನಂಬಿಕೆ. ಮೊಹರಮ್ಮಿನಲ್ಲಿ ಹೆಜ್ಜೆ ಹಾಕಿ ಕರ್ಬಲಾ ಪದ ಹಾಡುವವರಲ್ಲಿ ಹಿಂದೂ-ಮುಸಲ್ಮಾನ ಎಂಬ ಭೇದವಿರಲಿಲ್ಲ.

ಆಶ್ರಯ ಬದಲಾದ ಮೇಲೆ

1948ರಲ್ಲಿ ಈ ಸಂಸ್ಥಾನಗಳು ಭಾರತ ಒಕ್ಕೂಟದಲ್ಲಿ ವಿಲೀನವಾದವು. ಪೈಲ್ವಾನನ ಹಾಲು, ತುಪ್ಪ, ಬಾದಾಮಿಯ ಖುರಾಕು ಇನ್ನು ಯಾರು ಕೊಡಬೇಕು? 1952ರ ಹೆಲ್ಸಿಂಕಿ ಒಲಿಂಪಿಕ್ಸಿಗೆ ಹೊರಟ ಕೆ. ಡಿ. ಜಾಧವರಿಗೆ ಇದೇ ಪ್ರಶ್ನೆ ಎದುರಾಯಿತು. ಜನರು ವಂತಿಗೆ ಕೂಡಿಸಿದರು. ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟರು. ಜಾಧವರು ಕಂಚಿನ ಪದಕ ತಂದರು. ಸ್ವತಂತ್ರ ಭಾರತಕ್ಕೆ ಅದು ವೈಯಕ್ತಿಕ ಸ್ಪರ್ಧೆಯ ಮೊದಲ ಒಲಿಂಪಿಕ್ ಪದಕ. ಅರಸನಿಲ್ಲದ ಕಾಲದಲ್ಲಿ ಗುರುವೂ ಊರೂ ಅರಸರಾದದ್ದು ಹೀಗೆ. ನಮ್ಮ ಜಾತ್ರೆಯ ಕುಸ್ತಿಗಳೂ ಮನೆಮನೆಯ ಪಟ್ಟಿಯ ಹಣದಿಂದಲೇ ಉಳಿದುಬಂದಿವೆ.

ಇಂದು ಆಶ್ರಯದ ಜೊತೆಗೆ ಕಾನೂನೂ ಸೇರಿದೆ. ಎತ್ತಿನ ಓಟಗಳನ್ನು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ನಿಷೇಧಿಸಿತು. ರಾಜ್ಯ ಮಾಡಿದ ತಿದ್ದುಪಡಿಯನ್ನು 2023ರಲ್ಲಿ ಎತ್ತಿಹಿಡಿಯಿತು. ಮೂಕಪ್ರಾಣಿಯ ನೋವು, ಊರಿನ ಸಂಭ್ರಮ ಎರಡನ್ನೂ ತೂಗಿ ನೋಡುವ ಹೊಣೆ ಈಗ ಆಡಿಸುವವರ ಮೇಲಿದೆ. ಇನ್ನೊಂದು ಕಡೆ ಆಲಮಟ್ಟಿಯ ಹಿನ್ನೀರಿನಿಂದ ಬೀಳಗಿ ತಾಲ್ಲೂಕಿನ ಹಳ್ಳಿಗಳು ಸ್ಥಳಾಂತರಗೊಂಡವು. ಮನೆಗೆ, ಹೊಲಕ್ಕೆ ಪರಿಹಾರದ ಲೆಕ್ಕವುಂಟು. ಮುತ್ತಜ್ಜನ ಕಾಲದಿಂದ ಹುತುತು ಆಡುತ್ತ ಬಂದ ಬಯಲಿಗೆ ಯಾವ ಲೆಕ್ಕ? ಅದೇ ಹುತುತು ಕಬಡ್ಡಿಯೆಂಬ ಹೆಸರಿನಿಂದ 1990ರಲ್ಲಿ ಏಷ್ಯನ್ ಕ್ರೀಡಾಕೂಟವನ್ನು ಸೇರಿತು ಎಂಬುದನ್ನು ನೆನೆದರೆ ಈ ಪ್ರಶ್ನೆಯ ತೂಕ ತಿಳಿದೀತು.

ವಿದ್ಯಾರ್ಥಿ ಮಿತ್ರರೇ, ಗರಡಿಯ ಮಣ್ಣು ಹದಮಾಡಿದ ಅಜ್ಜಂದಿರೂ ಪಂಚಮಿಯ ಹಾಡು ಬಲ್ಲ ಅಜ್ಜಿಯರೂ ನಮ್ಮ ಮನೆಗಳಲ್ಲಿಯೇ ಇದ್ದಾರೆ. ರಜೆಯಲ್ಲಿ ಊರಿಗೆ ಹೋದಾಗ ಒಂದು ವಹಿ, ಒಂದು ಲೇಖಣಿ ಹಿಡಿದು ಅವರ ಮುಂದೆ ಕುಳಿತುಕೊಳ್ಳೋಣ. ‘ಅಜ್ಜೀ, ನೀವು ಏನು ಆಡುತ್ತಿದ್ದಿರಿ? ಯಾವಾಗ ಬಿಟ್ಟಿರಿ? ಯಾಕೆ ಬಿಟ್ಟಿರಿ?’ ಎಂದು ಕೇಳೋಣ. ಮೂರನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಈ ನಾಡಿನ ಸಾಮಾಜಿಕ ಇತಿಹಾಸದ ಒಂದು ಅಧ್ಯಾಯವೇ ಇರುತ್ತದೆ. ಅದನ್ನು ಬರೆಯಬೇಕಾದವರು ನಾವು.