ಬಚ್ಚಲುಮನೆಯ ಹಳೆಯ ಸಾಮಗ್ರಿ: ತಿಪ್ಪೆಗೆ ಯಾವುದು, ಹೊರಗೆ ಯಾವುದು?

ನಮ್ಮ ಹಳ್ಳಿಗಳಲ್ಲಿ ಮನೆಯ ಕಸಕ್ಕೆಲ್ಲ ಇರುವ ಒಂದೇ ದಾರಿ ತಿಪ್ಪೆ. ಸಗಣಿ, ಗಂಜಲ ನೆನೆದ ಹುಲ್ಲು, ಒಲೆಯ ಬೂದಿ, ಅಂಗಳದ ಕಸ, ಇವೆಲ್ಲವೂ ತಿಪ್ಪೆ ಸೇರಿ, ಕೊಳೆತು, ಮುಂಗಾರಿಗೆ ಮೊದಲು ಗಾಡಿಯಲ್ಲಿ ಹೊಲಕ್ಕೆ ಹೋಗುತ್ತವೆ. ಹಿಂದಿನ ಕಾಲದಲ್ಲಿ ಬಚ್ಚಲುಮನೆಯ ಕಸವೂ ಇದೇ ದಾರಿ ಹಿಡಿಯುತ್ತಿತ್ತು. ಸೀಗೆಪುಡಿ, ಅಂಟುವಾಳ, ಕಡಲೆಹಿಟ್ಟು, ಬೇವಿನ ಕಡ್ಡಿ, ಮೈ ಉಜ್ಜುವ ಹೀರೆಕಾಯಿ ನಾರು ಮುಂತಾದವೆಲ್ಲ ಗಿಡಮರಗಳಿಂದ ಬಂದವು. ಮಣ್ಣಿಗೆ ಮರಳಿದರೆ ಗೊಬ್ಬರವೇ ಆಗುತ್ತಿದ್ದವು.

ಈಗ ಬಚ್ಚಲಿನ ಗೂಡಿನಲ್ಲಿ ಇರುವ ವಸ್ತುಗಳೇ ಬೇರೆ. ಶಾಂಪೂ ಚೀಟಿ, ಟೂತ್‌ಪೇಸ್ಟ್ ಟ್ಯೂಬು, ಕೂದಲಿಗೆ ಹಚ್ಚುವ ಬಣ್ಣ, ಹೇನಿನ ಔಷಧಿ, ಬ್ಲೇಡು, ಉಗುರು ಬಣ್ಣ, ಅವಧಿ ಮುಗಿದ ಕ್ರೀಮು ಇತ್ಯಾದಿ. ವಸ್ತುಗಳು ಬದಲಾದರೂ ಎಸೆಯುವ ಜಾಗ ಮಾತ್ರ ಬದಲಾಗಿಲ್ಲ. ತಿಪ್ಪೆಗೆ ಎಸೆದದ್ದು ಕಣ್ಣಿಗೆ ಮರೆಯಾದರೂ ವರ್ಷದೊಳಗೆ ನಾವು ರಾಗಿ, ತರಕಾರಿ ಬೆಳೆಯುವ ಮಣ್ಣಿಗೇ ಬರುತ್ತದೆ. ಆದುದರಿಂದ ಯಾವುದು ತಿಪ್ಪೆಗೆ ಸೇರಬಹುದು, ಯಾವುದು ಸೇರಬಾರದು, ಸೇರಬಾರದ್ದನ್ನು ಏನು ಮಾಡಬೇಕು ಎಂಬುದನ್ನು ರೈತ ಕುಟುಂಬದ ಪ್ರತಿಯೊಬ್ಬರೂ ತಿಳಿದಿರುವುದು ಅವಶ್ಯಕ.

ತಿಪ್ಪೆಗೆ ಆಗುವ ಹಾನಿ

1939ರಲ್ಲಿ ಡಾ. ಸಿ. ಎನ್. ಆಚಾರ್ಯ ಅವರು ಬೆಂಗಳೂರಿನಲ್ಲಿ ರೂಪಿಸಿದ ಕಾಂಪೋಸ್ಟ್ ವಿಧಾನ ಇಂದಿಗೂ ‘ಬೆಂಗಳೂರು ಪದ್ಧತಿ’ ಎಂದೇ ಹೆಸರಾಗಿದೆ. ಆ ಪದ್ಧತಿಯಾಗಲಿ, ನಮ್ಮ ಸಾಮಾನ್ಯ ತಿಪ್ಪೆಯಾಗಲಿ, ಕೆಲಸ ಮಾಡುವುದು ಸೂಕ್ಷ್ಮಾಣು ಜೀವಿಗಳಿಂದ. ಕಸವನ್ನು ಗೊಬ್ಬರ ಮಾಡುವವು ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು. ತಲೆಹೊಟ್ಟಿಗೆ ಬಳಸುವ ಶಾಂಪೂವಿನಲ್ಲಿ ಕೀಟೊಕೊನಜೋಲ್ ಅಥವಾ ಜಿಂಕ್ ಪೈರಿಥಿಯೋನ್‌ನಂತಹ ಶಿಲೀಂಧ್ರನಾಶಕ ಇರುತ್ತದೆ. ತಲೆಯ ಶಿಲೀಂಧ್ರವನ್ನು ಕೊಲ್ಲುವ ವಸ್ತು ತಿಪ್ಪೆಯ ಶಿಲೀಂಧ್ರಕ್ಕೆ ಸ್ನೇಹಿತನಾಗಲಾರದು. ಫಿನೈಲ್, ಗಾಯ ತೊಳೆಯುವ ನಂಜುನಿವಾರಕ ದ್ರಾವಣಗಳ ಕಥೆಯೂ ಅದೇ. ಇವನ್ನು ಗೋಬರ್ ಗ್ಯಾಸ್ ತೊಟ್ಟಿಗೆ ಸುರಿದರೆ ಅನಿಲ ಉತ್ಪಾದನೆ ಕುಗ್ಗುತ್ತದೆ. ಎರೆಹುಳು ತೊಟ್ಟಿಗೆ ಸುರಿದರೆ ಹುಳುಗಳು ಸಾಯುತ್ತವೆ.

ಎರಡನೆಯ ಹಾನಿ ದನಗಳಿಗೆ. ಹಸು ಮೇವನ್ನು ಆರಿಸಿ ತಿನ್ನುವುದಿಲ್ಲ. ನಾಲಿಗೆಯಿಂದ ಎಳೆದು, ಅರೆಬರೆ ಅಗಿದು ನುಂಗುತ್ತದೆ. ತಿಪ್ಪೆಯ ಬಳಿ ಬಿದ್ದ ಬ್ಲೇಡಿನ ತುಂಡು, ಹೇರ್‌ಪಿನ್, ಪಿನ್ನು, ತಂತಿ ಮೇವಿನೊಂದಿಗೆ ಒಳಸೇರಿ, ಜೇನುಗೂಡಿನಂಥ ಒಳಮೈ ಇರುವ ಎರಡನೆಯ ಹೊಟ್ಟೆಯಲ್ಲಿ ತಂಗುತ್ತವೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ವಪೆ ಮಾತ್ರ. ಚೂಪಾದ ಲೋಹ ಅದನ್ನು ಚುಚ್ಚಿಕೊಂಡು ಹೃದಯದ ಪೊರೆ ಮುಟ್ಟಿದರೆ ಹಸು ಮೇವು ಬಿಟ್ಟು, ಹಾಲು ಇಳಿಸಿ, ಕುತ್ತಿಗೆಯ ಕೆಳಗೆ ನೀರು ತುಂಬಿ ನರಳುತ್ತದೆ. ಆ ಹಂತದಲ್ಲಿ ಉಳಿಸುವುದು ಕಷ್ಟ. ಇದಲ್ಲದೆ, ಗೊಬ್ಬರವನ್ನು ಬರಿಗೈಯಲ್ಲಿ ಬುಟ್ಟಿಗೆ ತುಂಬುವ ಹೆಣ್ಣುಮಕ್ಕಳ ಕೈಗೆ ಬ್ಲೇಡು ತಗುಲಿ ಗಾಯವಾದರೆ ಧನುರ್ವಾಯುವಿನ ಭಯವಿದೆ.

ಮೂರನೆಯದು ಪ್ಲಾಸ್ಟಿಕ್. ಶಾಂಪೂ ಚೀಟಿ ಕಾಗದದಷ್ಟು ತೆಳುವಾಗಿ ಕಂಡರೂ ಹಲವು ಪದರಗಳ ಪ್ಲಾಸ್ಟಿಕ್‌ನಿಂದ, ಕೆಲವೊಮ್ಮೆ ನಡುವೆ ಅಲ್ಯೂಮಿನಿಯಂ ಹಾಳೆ ಸೇರಿಸಿ, ಮಾಡಿದ್ದು. ಅದು ಕೊಳೆಯುವುದಿಲ್ಲ, ಹರಿದು ಸಣ್ಣ ಚೂರುಗಳಾಗಿ ಮಣ್ಣಿನಲ್ಲೇ ಉಳಿಯುತ್ತದೆ.

ಸುಡುವುದೂ ಪರಿಹಾರವಲ್ಲ

ಹಂಡೆ ಒಲೆಯ ಉರಿಗೆ ಚೀಟಿ, ಟ್ಯೂಬು, ಬಾಚಣಿಗೆ ಹಾಕುವ ರೂಢಿ ಅನೇಕ ಮನೆಗಳಲ್ಲಿದೆ. ಕಡಿಮೆ ಉರಿಯಲ್ಲಿ ಪ್ಲಾಸ್ಟಿಕ್ ಪೂರ್ತಿ ಉರಿಯದೆ ವಿಷಕಾರಿ ಹೊಗೆ ಬರುತ್ತದೆ, ಪಿ.ವಿ.ಸಿ. ಜಾತಿಯ ಪ್ಲಾಸ್ಟಿಕ್ ಇದ್ದರೆ ಡೈಆಕ್ಸಿನ್ ಎಂಬ ಅತಿ ಅಪಾಯಕರ ವಸ್ತುಗಳೂ ಹುಟ್ಟುತ್ತವೆ. ಆ ಹೊಗೆ ಕುಡಿಯುವವರು ಒಲೆ ಮುಂದೆ ಕುಳಿತ ತಾಯಂದಿರು ಮತ್ತು ಮಕ್ಕಳು. ಸೆಂಟು, ಶೇವಿಂಗ್ ನೊರೆಯ ಒತ್ತಡದ ಡಬ್ಬಿಗಳನ್ನು ಬೆಂಕಿಗೆ ಹಾಕಿದರೆ ಸಿಡಿಯುತ್ತವೆ.

ಬೂದಿಯ ವಿಷಯವನ್ನೂ ಇಲ್ಲಿ ಹೇಳಬೇಕು. ಶುದ್ಧ ಸೌದೆ ಬೂದಿಯಲ್ಲಿ ಪೊಟ್ಯಾಷ್ ಇರುತ್ತದೆ. ಅದೇ ಬೂದಿಯಿಂದ ಪಾತ್ರೆ ಬೆಳಗುತ್ತೇವೆ, ಹಿತ್ತಲ ಬದನೆ, ಅವರೆ ಗಿಡಗಳಿಗೆ ಎರಚುತ್ತೇವೆ. ಪ್ಲಾಸ್ಟಿಕ್ ಮತ್ತು ಲೋಹದ ಹಾಳೆ ಸುಟ್ಟ ಬೂದಿ ಇದಾವುದಕ್ಕೂ ಯೋಗ್ಯವಲ್ಲ. ಒಂದು ಹಿಡಿ ಕಸದಿಂದ ಒಂದು ಬುಟ್ಟಿ ಒಳ್ಳೆಯ ಗೊಬ್ಬರ ಕೆಡುತ್ತದೆ.

ಮೂರು ಪಾಲು ಮಾಡುವ ಕ್ರಮ

ಬಚ್ಚಲಿನ ಗೂಡನ್ನು ವರ್ಷಕ್ಕೆ ಎರಡು ಬಾರಿ, ಯುಗಾದಿ ಮತ್ತು ದೀಪಾವಳಿಯ ಮನೆ ಸ್ವಚ್ಛತೆಯ ಸಮಯದಲ್ಲಿ, ಖಾಲಿ ಮಾಡಿ ಈ ಕೆಳಗಿನಂತೆ ವಿಂಗಡಿಸಬೇಕು.

1. ಬಳಸಿ ಮುಗಿಸುವವು

ಅತ್ಯುತ್ತಮ ವಿಲೇವಾರಿ ಎಂದರೆ ವಸ್ತುವನ್ನು ಪೂರ್ತಿ ಬಳಸುವುದು.

ಸಾಬೂನಿನ ತುಣುಕು: ಇವನ್ನು ಡಬ್ಬಿಯಲ್ಲಿ ಕೂಡಿಡಿ. ಬೇವಿನ ಬೀಜದ ಕಷಾಯ ಎಲೆಗೆ ಚೆನ್ನಾಗಿ ಅಂಟಲು ಸಾಬೂನು ಬೇಕಾಗುತ್ತದೆ. ಶೇಕಡ 5ರ ಕಷಾಯಕ್ಕೆ 5 ಕಿ.ಗ್ರಾಂ ಬೇವಿನ ಬೀಜದ ತಿರುಳನ್ನು ಪುಡಿ ಮಾಡಿ 10 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, 100 ಲೀಟರ್ ಆಗುವಷ್ಟು ನೀರು ಬೆರೆಸಬೇಕು. ಇದಕ್ಕೆ 200 ಗ್ರಾಂ ಸಾಬೂನನ್ನು ಬಿಸಿನೀರಿನಲ್ಲಿ ಕರಗಿಸಿ, ಆರಿಸಿ ಸೇರಿಸುವುದು. ಕೊಳವೆ ಬಾವಿಯ ಗಡಸು ನೀರಿನಲ್ಲಿ ಸಾಬೂನು ಒಡೆದು ಕೆನೆಗಟ್ಟುವುದರಿಂದ ಮಳೆ ನೀರು ಅಥವಾ ಮೆದು ನೀರು ಉತ್ತಮ. ಮೊದಲು ನಾಲ್ಕಾರು ಗಿಡಗಳಿಗೆ ಸಿಂಪಡಿಸಿ, ಎಲೆ ಸುಡದಿದ್ದರೆ ಸಂಜೆಯ ವೇಳೆ ಉಳಿದ ಬೆಳೆಗೆ ಸಿಂಪಡಿಸಿ. ಔಷಧಿಯುಕ್ತ ಸಾಬೂನನ್ನು ಇದಕ್ಕೆ ಬಳಸಬೇಡಿ.

ಹಳೆಯ ಟೂತ್‌ಬ್ರಷ್: ಸಿಂಪರಣಾ ಯಂತ್ರದ ಮೂತಿ ಮತ್ತು ಜರಡಿ ಉಜ್ಜಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಕಟ್ಟಿಕೊಂಡ ಮೂತಿಯನ್ನು ಬಾಯಿಂದ ಊದುವುದು ಪ್ರಾಣಕ್ಕೆ ಅಪಾಯ. ಹೀಗೆ ಬಳಸಿದ ಬ್ರಷ್ಷಿಗೆ ಕೆಂಪು ದಾರ ಕಟ್ಟಿ ಯಂತ್ರದ ಜೊತೆಯಲ್ಲೇ ಇಡಬೇಕು. ಮತ್ತೆ ಮನೆಯೊಳಗೆ ತರಬಾರದು.

ಕಮಟು ಬಂದ ಕೊಬ್ಬರಿ ಎಣ್ಣೆ: ಕುಡುಗೋಲು, ಗುದ್ದಲಿ ಮುಂತಾದವನ್ನು ಒರೆಸಿ ತೆಳುವಾಗಿ ಸವರಿದರೆ ತುಕ್ಕು ತಡೆಯುತ್ತದೆ.

ಅವಧಿ ಮುಗಿದ ಸಾಧಾರಣ ಶಾಂಪೂ: ಗಾಡಿ, ಟ್ರಾಕ್ಟರು, ನೆಲ ತೊಳೆಯಲು ಬಳಸಬಹುದು. ಆದರೆ ಕೆರೆ, ಬಾವಿಯ ಬಳಿ ಈ ಕೆಲಸ ಬೇಡ. ಸಾಬೂನಿನಂಥ ವಸ್ತುಗಳು ಮೀನಿನ ಕಿವಿರಿಗೆ ಕೆಡುಕು ಮಾಡುತ್ತವೆ.

2. ಮಣ್ಣಿಗೆ ಸೇರಿಸಬಹುದಾದವು

ಹುಳು ಬಿದ್ದ ಸೀಗೆಪುಡಿ, ಕಡಲೆಹಿಟ್ಟು, ಅರಿಸಿನ, ಶುದ್ಧ ಗೋರಂಟಿ ಪುಡಿ, ಹೀರೆಕಾಯಿ ನಾರು, ಬೇವಿನ ಕಡ್ಡಿ, ಬಣ್ಣವಿಲ್ಲದ ಹತ್ತಿ, ಸಾಬೂನು ಸುತ್ತಿದ ಸಾದಾ ಕಾಗದ. ಕೂದಲನ್ನೂ ಇದಕ್ಕೆ ಸೇರಿಸಬಹುದು. ಕೂದಲಿನಲ್ಲಿ ಶೇಕಡ 15ರಷ್ಟು ಸಾರಜನಕ ಇದೆ. ನಿಧಾನವಾಗಿ ಕೊಳೆಯುವುದರಿಂದ ಸಣ್ಣಗೆ ಕತ್ತರಿಸಿ ಸಗಣಿಯೊಂದಿಗೆ ಬೆರೆಸಿ ಗುಂಡಿಯ ತಳಕ್ಕೆ ಹಾಕಬೇಕು. ಬಣ್ಣ ಹಚ್ಚಿದ ಕೂದಲು ಬೇಡ. ‘ಕಪ್ಪು ಗೋರಂಟಿ’ ಎಂದು ಮಾರುವ ಪುಡಿಯಲ್ಲಿ ರಾಸಾಯನಿಕ ಬಣ್ಣ ಬೆರೆತಿರುವುದು ಸಾಮಾನ್ಯವಾದ್ದರಿಂದ ಅದನ್ನು ಮೂರನೆಯ ಪಾಲಿಗೆ ಸೇರಿಸಿ.

3. ಊರ ಹೊರಗಿನ ವ್ಯವಸ್ಥೆಗೆ ಒಪ್ಪಿಸುವವು

(ಅ) ಒಣ ಕಸ: ತೊಳೆದು ಒಣಗಿಸಿದ ಬಾಟಲಿ, ಮುಚ್ಚಳ, ಹಿಂಡಿ ಖಾಲಿ ಮಾಡಿದ ಟ್ಯೂಬು, ಶಾಂಪೂ ಚೀಟಿ, ಬಾಚಣಿಗೆ. ಒಂದು ಗೋಣಿಚೀಲವನ್ನು ಬಚ್ಚಲಿನ ಹೊರಗೆ ತೂಗುಹಾಕಿದರೆ ಸಾಕು.

(ಆ) ಚೂಪಾದವು: ಬ್ಲೇಡು, ರೇಜರು, ಪಿನ್ನುಗಳನ್ನು ಹಳೆಯ ತಗಡಿನ ಡಬ್ಬಿಯ ಮುಚ್ಚಳದಲ್ಲಿ ಸೀಳು ಮಾಡಿ ಅದರೊಳಗೆ ಹಾಕಿ. ತುಂಬಿದ ಮೇಲೆ ಬಾಯಿ ಬಿಗಿದು ‘ಬ್ಲೇಡು’ ಎಂದು ಬರೆದು ಕೊಡಿ.

(ಇ) ಅಪಾಯಕರವಾದವು: ಕೂದಲ ಬಣ್ಣ, ಉಗುರು ಬಣ್ಣ, ಹೇನು ಮತ್ತು ತುರಿಕಜ್ಜಿಯ ಔಷಧಿ, ಬಿಳಿಚಿಸುವ ಕ್ರೀಮು, ಒತ್ತಡದ ಡಬ್ಬಿ. ಇವನ್ನು ಮೂಲ ಬಾಟಲಿಯಲ್ಲೇ ಮುಚ್ಚಿ, ಮಕ್ಕಳ ಕೈಗೆ ಸಿಗದಂತೆ ಬೀಗದ ಪೆಟ್ಟಿಗೆಯಲ್ಲಿಟ್ಟು ಬೇರೆಯಾಗಿ ಕೊಡಬೇಕು.

(ಈ) ಮುಟ್ಟಿನ ಪ್ಯಾಡು, ಮಗುವಿನ ಡೈಪರು: ಇವುಗಳಲ್ಲಿ ಪ್ಲಾಸ್ಟಿಕ್ ಇದೆ. ಕಾಗದದಲ್ಲಿ ಸುತ್ತಿ, ಗುರುತು ಹಾಕಿ ಪ್ರತ್ಯೇಕವಾಗಿ ಕೊಡಿ.

ಅಪಾಯಕರ ಪಟ್ಟಿಗೆ ಕಾರಣಗಳಿವೆ. ಕೂದಲ ಬಣ್ಣದ ಪ್ಯಾರಾಫಿನೈಲಿನ್ ಡೈಅಮೈನ್ ಹೊಟ್ಟೆಗೆ ಹೋದರೆ ಗಂಟಲು ಊದಿ ಉಸಿರು ಕಟ್ಟುತ್ತದೆ, ಮೂತ್ರಪಿಂಡ ಕೆಡುತ್ತದೆ. ಅಂಥ ಸಂದರ್ಭದಲ್ಲಿ ಮನೆಮದ್ದಿಗೆ ಕಾಯದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಹಳೆಯ ತುರಿಕಜ್ಜಿ ಔಷಧಿಗಳಲ್ಲಿದ್ದ ಲಿಂಡೇನ್, ರೈತರು ಬಲ್ಲ ಬಿ.ಎಚ್.ಸಿ. ಪುಡಿಯ ಒಂದು ಅಂಶವೇ. ಬಿ.ಎಚ್.ಸಿ.ಯನ್ನು ನಮ್ಮ ದೇಶದಲ್ಲಿ 1997ರಲ್ಲಿ ನಿಷೇಧಿಸಲಾಯಿತು. ಲಿಂಡೇನ್ 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು. ಹೊಲದಿಂದ ಹೊರಹಾಕಿದ ವಿಷವನ್ನು ಬಚ್ಚಲಿನ ಮೂಲಕ ಮತ್ತೆ ಹೊಲಕ್ಕೆ ತರುವುದು ವಿವೇಕವಲ್ಲ. ಕೆಲವು ಬಿಳಿಚಿಸುವ ಕ್ರೀಮುಗಳಲ್ಲಿ ಪಾದರಸ ಪತ್ತೆಯಾಗಿದೆ. ಪಾದರಸ ಎಷ್ಟು ವರ್ಷವಾದರೂ ಮಣ್ಣಿನಲ್ಲಿ ಕೊಳೆತು ಹೋಗುವ ವಸ್ತುವಲ್ಲ.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹಸಿ, ಒಣ ಮತ್ತು ಗೃಹ ಅಪಾಯಕಾರಿ ಕಸವೆಂದು ಮೂರು ಭಾಗ ಮಾಡುವ ಕ್ರಮವನ್ನು ತಂದವು. ನಮ್ಮ ರಾಜ್ಯದ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ‘ಸ್ವಚ್ಛ ವಾಹಿನಿ’ ವಾಹನ ಮತ್ತು ‘ಸ್ವಚ್ಛ ಸಂಕೀರ್ಣ’ ಘಟಕಗಳಿವೆ. ವಾಹನ ಬಾರದ ಒಂಟಿ ಮನೆ, ತೋಟದ ಮನೆಯವರು ಕಸವನ್ನು ಒಣ ಜಾಗದಲ್ಲಿ ಕೂಡಿಟ್ಟು, ಪಂಚಾಯಿತಿ ಕಡೆಗೆ ಹೋದಾಗ ಒಪ್ಪಿಸಬಹುದು. ಘಟಕವಿಲ್ಲದಿದ್ದರೆ ಗ್ರಾಮಸಭೆಯಲ್ಲಿ ಬೇಡಿಕೆ ಇಡಬೇಕು.

ಖಾಲಿ ಬಾಟಲಿಯ ಬಗ್ಗೆ ಎಚ್ಚರಿಕೆ

ಖಾಲಿಯಾದ ಎಣ್ಣೆ, ಶಾಂಪೂ ಬಾಟಲಿಗಳಲ್ಲಿ ಉಳಿದ ಕೀಟನಾಶಕವನ್ನು ಎಂದಿಗೂ ತುಂಬಿಡಬಾರದು. ಪರಿಚಿತ ಬಾಟಲಿ ಕಂಡ ಮಗು ಅಥವಾ ವೃದ್ಧರು ಅದನ್ನು ಎಣ್ಣೆಯೆಂದೇ ತಿಳಿಯುತ್ತಾರೆ. ಹಾಗೆಯೇ ಕೀಟನಾಶಕದ ಡಬ್ಬಿಯನ್ನು ಬಚ್ಚಲಿನ ತಂಬಿಗೆಯಾಗಿ ಬಳಸಬಾರದು.

ಬಚ್ಚಲು ನೀರು

ಸಾಬೂನಿನ ನೀರಿನಲ್ಲಿ ಸೋಡಿಯಂ ಇರುತ್ತದೆ. ಒಂದೇ ಜಾಗಕ್ಕೆ ವರ್ಷಗಟ್ಟಲೆ ಬಿಟ್ಟರೆ, ವಿಶೇಷವಾಗಿ ಎರೆ ಭೂಮಿಯಲ್ಲಿ, ಮಣ್ಣಿನ ಕಣಗಳು ಚದುರಿ ನೀರು ಇಂಗದೆ ಚೌಳು ಗುಣ ಬರುತ್ತದೆ. ಆದ್ದರಿಂದ ಬಾಳೆ, ತೆಂಗಿನ ಪಾತಿಗಳಿಗೆ ಸರದಿಯಂತೆ ತಿರುಗಿಸಿ. ಸೊಪ್ಪು, ಮೂಲಂಗಿ, ಕ್ಯಾರೆಟ್ ಪಾತಿಗೆ ಬೇಡ. ಕೂದಲ ಬಣ್ಣ ಅಥವಾ ಫಿನೈಲ್ ಬಳಸಿದ ದಿನದ ನೀರನ್ನು ಯಾವ ಬೆಳೆಗೂ ಬಿಡಬೇಡಿ.

ನೆನಪಿನಲ್ಲಿಡಿ

* ಅಗತ್ಯವಿದ್ದಷ್ಟೇ ಕೊಳ್ಳಿ. ಕೊಂಡದ್ದನ್ನು ಪೂರ್ತಿ ಬಳಸಿ.
* ಗಿಡದಿಂದ ಬಂದದ್ದು ಮಾತ್ರ ತಿಪ್ಪೆಗೆ.
* ಹಂಡೆ ಒಲೆಗೆ ಪ್ಲಾಸ್ಟಿಕ್ ಬೇಡ.
* ಬ್ಲೇಡು, ಪಿನ್ನು ತಗಡಿನ ಡಬ್ಬಿಗೆ.
* ಔಷಧಿ, ಬಣ್ಣ ಬೀಗದ ಪೆಟ್ಟಿಗೆಗೆ; ಅಲ್ಲಿಂದ ಪಂಚಾಯಿತಿ ವಾಹನಕ್ಕೆ.

ಎಸೆಯುವ ಮೊದಲು ‘ಇದು ನನ್ನ ಹೊಲಕ್ಕೆ ಬಂದರೆ ಆದೀತೇ?’ ಎಂದು ಒಮ್ಮೆ ಕೇಳಿಕೊಂಡರೆ ಹೆಚ್ಚಿನ ವಸ್ತುಗಳ ಜಾಗ ತಾನೇ ತಿಳಿಯುತ್ತದೆ.